ಶಿವರಾತ್ರಿಯಿಂದ ಯುಗಾದಿವರೆಗೆ: ಸೈಕಲ್ಲಿನಲ್ಲಿ ನಂದಿಬೆಟ್ಟಕ್ಕೆ ಹೋಗುವವರಿಗೆ

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಎನ್ನುವ ಮಾತು ಸೈಕಲ್ಲು ತುಳಿಯುವವರ ಪಾಲಿಗೆ ಬೆಳಗ್ಗೆ ಏಳೂವರೆಯ ನಂತರವಷ್ಟೇ ನಿಜ. ಬೆಂಗಳೂರಿನ ಹೆಬ್ಬಾಳ ದಾಟಿ ದೇವನಹಳ್ಳಿಯ ಬಯಲಿಗೆ ಬಿದ್ದಾಗ ಬೆಳಗಿನ ಐದೂವರೆಗೆ 15–16 ಡಿಗ್ರಿ ಇರುತ್ತದೆ, ಬೆರಳು ಮರಗಟ್ಟುತ್ತದೆ. ಅದೇ ರಸ್ತೆಯಲ್ಲಿ ಹತ್ತೂವರೆಗೆ ವಾಪಸ್ ಬರುವಾಗ 30 ಡಿಗ್ರಿ, ಡಾಂಬರಿನ ಮೇಲೆ ಅದಕ್ಕಿಂತ ಎಷ್ಟೋ ಹೆಚ್ಚು. ಪಂಚಾಂಗದ ಲೆಕ್ಕಕ್ಕೆ ಇನ್ನೂ ಶಿಶಿರ. ಆದರೆ ಹೊಂಗೆ ಎಲೆ ಉದುರಿಸಿ ಚಿಗುರುತ್ತಿರುತ್ತದೆ, ಮುತ್ತುಗ ಹೂ ಬಿಟ್ಟಿರುತ್ತದೆ, ಮಾವು ಹೂವಿನಿಂದ ಕಾಯಿಗೆ ತಿರುಗಿರುತ್ತದೆ. ಬೆಂಗಳೂರಿನ ಸುತ್ತ ಸೈಕಲ್ಲು ಹೊಡೆಯಲು ವರ್ಷದಲ್ಲಿ ಇದಕ್ಕಿಂತ ಚಂದದ ತಿಂಗಳಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ತೊಂದರೆಗೆ ಸಿಕ್ಕಿಕೊಳ್ಳುವವರೂ ಈ ತಿಂಗಳಲ್ಲೇ ಜಾಸ್ತಿ. ಹೊರಡುವ ಹೊತ್ತಿನ ಚಳಿ ನೋಡಿ ತಯಾರಿ ಮಾಡಿಕೊಳ್ಳುವುದೇ ಅದಕ್ಕೆ ಕಾರಣ. ಬಟ್ಟೆ, ನೀರು, ಹೊರಡುವ ಗಂಟೆ, ಎಲ್ಲವನ್ನೂ ವಾಪಸ್ ಬರುವ ಕೊನೆಯ ಒಂದು ಗಂಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಿರ್ಧರಿಸಬೇಕು.

ಗಂಟೆಯ ಲೆಕ್ಕದಿಂದಲೇ ಶುರುಮಾಡೋಣ. ಹೆಬ್ಬಾಳದಿಂದ ನಂದಿಬೆಟ್ಟದ ತುದಿಗೆ ಹೆಚ್ಚುಕಡಿಮೆ 50 ಕಿ.ಮೀ. ಅದರಲ್ಲಿ ಕೊನೆಯ ಏಳೂವರೆ ಕಿ.ಮೀ. ಏರು. ಬಯಲಿನಲ್ಲಿ ಗಂಟೆಗೆ 22 ಕಿ.ಮೀ. ಹೋಗುವವರು ಬುಡ ಮುಟ್ಟಲು ಎರಡು ಗಂಟೆ, ಏರಲು ಒಂದು ಗಂಟೆ, ಮೇಲೆ ಇಪ್ಪತ್ತು ನಿಮಿಷ, ಇಳಿಯಲು ಇಪ್ಪತ್ತು ನಿಮಿಷ, ವಾಪಸ್ಸಿಗೆ ಮತ್ತೆ ಎರಡು ಗಂಟೆ. 4.45ಕ್ಕೆ ಹೆಬ್ಬಾಳ ಬಿಟ್ಟರೆ ಹತ್ತೂವರೆಯ ಆಸುಪಾಸಿಗೆ ಮರಳಬಹುದು. ಆರಕ್ಕೆ ಬಿಟ್ಟರೆ ಮುಕ್ಕಾಲು ಪಾಲು ವಾಪಸ್ ದಾರಿ ಸುಡುಬಿಸಿಲಿಗೆ ಬೀಳುತ್ತದೆ. ಬಿಸಿಲಿನಲ್ಲಿ ವೇಗ ಕುಗ್ಗುವುದರಿಂದ ಎರಡು ಗಂಟೆಯ ದಾರಿ ಎರಡೂವರೆಯಾಗುತ್ತದೆ. ಫೆಬ್ರವರಿ ನಡುವಿನಲ್ಲಿ ಸೂರ್ಯ ಹುಟ್ಟುವುದು 6.40ರ ಸುಮಾರಿಗೆ, ಯುಗಾದಿಯ ಹೊತ್ತಿಗೆ 6.20ರ ಸುಮಾರಿಗೆ. ಹಾಗಾಗಿ ಒಂದೂವರೆ ಗಂಟೆಗೂ ಹೆಚ್ಚು ಕತ್ತಲಲ್ಲೇ ತುಳಿಯಬೇಕು. ಹಿಂದೆ ಕೆಂಪು ದೀಪ, ಮುಂದೆ ಗುಂಡಿ ಕಾಣಿಸುವಷ್ಟು ಬೆಳಕು ಕೊಡುವ ದೀಪ, ಇವಿಲ್ಲದೆ ಹೈದರಾಬಾದ್ ಹೆದ್ದಾರಿಗೆ ಇಳಿಯಬೇಡಿ. ಸರ್ವೀಸ್ ರಸ್ತೆ ಇರುವ ಕಡೆಯೆಲ್ಲ ಅದನ್ನೇ ಹಿಡಿಯಿರಿ. ಹೆದ್ದಾರಿ ಬೇಡವೇ ಬೇಡ ಅನ್ನುವವರಿಗೆ ಯಲಹಂಕ, ರಾಜಾನುಕುಂಟೆ, ದೊಡ್ಡಬಳ್ಳಾಪುರದ ದಾರಿ ಇದೆ. ಸ್ವಲ್ಪ ಸುತ್ತು.

ಇದೇ ಮೊದಲ ಸಲ ಏರುತ್ತಿರುವವರು ನೂರು ಕಿ.ಮೀ. ಹಟ ಹಿಡಿಯಬೇಕಿಲ್ಲ. ಸೈಕಲ್ಲನ್ನು ಕಾರಿನಲ್ಲಿ ದೇವನಹಳ್ಳಿಯವರೆಗೆ ತಂದು ಅಲ್ಲಿಂದ ತುಳಿಯಿರಿ. ಇಲ್ಲವೇ ಭೋಗನಂದೀಶ್ವರನ ದೇವಸ್ಥಾನವಿರುವ ನಂದಿ ಊರಿಗೇ ತಂದುಬಿಡಿ. ಏರು ಅದೇ ಏರು.

ಬಟ್ಟೆಗೆ ನಿಯಮ ಒಂದೇ. ಮನೆಯಿಂದ ಹೊರಬಿದ್ದ ಮೊದಲ ಹತ್ತು ನಿಮಿಷ ಚಳಿ ಅನ್ನಿಸಲೇಬೇಕು. ಅನ್ನಿಸದಿದ್ದರೆ ಒಂದು ಪದರ ಹೆಚ್ಚಾಗಿದೆ ಎಂದೇ ಅರ್ಥ. ಸ್ವೆಟರು, ದಪ್ಪ ಜಾಕೆಟ್ಟು ಹಾಕಿಕೊಂಡವರು ಯಲಹಂಕ ತಲುಪುವಷ್ಟರಲ್ಲಿ ಒಳಗೊಳಗೇ ಬೆವೆತಿರುತ್ತಾರೆ, ಆಮೇಲೆ ಒದ್ದೆ ಬಟ್ಟೆಗೆ ಗಾಳಿ ಬಡಿದು ನಡುಗುತ್ತಾರೆ. ಬೇಕಾಗಿರುವುದು ತೆಳು ಜೆರ್ಸಿ, ತೋಳಿಗೆ ಏರಿಸಿ ಇಳಿಸಬಹುದಾದ ಸ್ಲೀವ್, ಮುಷ್ಟಿಯಷ್ಟಾಗಿ ಮಡಚಿ ಜೇಬಿಗೆ ಹಾಕಬಹುದಾದ ಗಾಳಿ ತಡೆಯುವ ತೆಳು ಜಾಕೆಟ್. ಬುಡದಲ್ಲಿ ಜಾಕೆಟ್ ಬಿಚ್ಚಿ, ತುದಿಯಲ್ಲಿ ಮತ್ತೆ ಹಾಕಿ. ತುದಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರ, ಬುಡಕ್ಕಿಂತ ಎರಡು ಮೂರು ಡಿಗ್ರಿ ತಂಪು. ಬೆವರಿನಲ್ಲಿ ತೊಯ್ದ ಮೈಯಲ್ಲಿ ಗಂಟೆಗೆ 35–40 ಕಿ.ಮೀ. ವೇಗದಲ್ಲಿ ಇಳಿದರೆ ಕೈ ನಡುಗಿ ಬ್ರೇಕಿನ ಹಿಡಿತ ತಪ್ಪುತ್ತದೆ. ಜಾಕೆಟ್ ಇಲ್ಲದಿದ್ದರೆ ಹಳಬರ ಉಪಾಯ ಇದೆ: ದಿನಪತ್ರಿಕೆಯ ನಾಲ್ಕು ಹಾಳೆ ಮಡಚಿ ಜೆರ್ಸಿಯೊಳಗೆ ಎದೆಗೆ ಇಟ್ಟುಕೊಳ್ಳುವುದು. ಸೊಗಸಾಗಿ ಕೆಲಸ ಮಾಡುತ್ತದೆ. ವಾಪಸ್ಸಿಗೆ ಸ್ಲೀವ್ ಬಿಸಿಲಿನ ರಕ್ಷೆಯಾಗುತ್ತದೆ, ಆದ್ದರಿಂದ ಬಿಳಿಯದ್ದನ್ನೇ ತೆಗೆದುಕೊಳ್ಳಿ.

ನೀರಿನ ವಿಷಯದಲ್ಲಿ ಈ ತಿಂಗಳು ಏಪ್ರಿಲ್‌ಗಿಂತ ಮೋಸದ್ದು. ಗಾಳಿ ಇಷ್ಟು ಒಣಗಿರುವುದರಿಂದ ಬೆವರು ಮೈಮೇಲೆ ನಿಲ್ಲುವುದೇ ಇಲ್ಲ, ಹುಟ್ಟಿದ ಹಾಗೇ ಆರಿಹೋಗುತ್ತದೆ. ಬೆವರೇ ಬರಲಿಲ್ಲ ಅಂದುಕೊಳ್ಳುತ್ತೇವೆ. ಹೆಲ್ಮೆಟ್ ಪಟ್ಟಿಯ ಮೇಲೆ ಬಿಳಿ ಉಪ್ಪಿನ ಗೆರೆ ಕಂಡಾಗಲೇ ಗೊತ್ತಾಗುವುದು. ಬೆಳಗಿನ ತಂಪಿನಲ್ಲಿ ಗಂಟೆಗೆ ಅರ್ಧ ಲೀಟರ್, ಒಂಬತ್ತರ ನಂತರ ಮುಕ್ಕಾಲು ಲೀಟರ್ ಲೆಕ್ಕ ಇಟ್ಟುಕೊಳ್ಳಿ. 750 ಮಿ.ಲೀ.ನ ಎರಡು ಬಾಟಲಿ ಬೇಕು. ಇಳಿದ ಮೇಲೆ ಬುಡದಲ್ಲಿ ಒಮ್ಮೆ, ದೇವನಹಳ್ಳಿಯಲ್ಲಿ ಒಮ್ಮೆ ತುಂಬಿಸಿಕೊಳ್ಳಲೇಬೇಕು. ಒಂದು ಬಾಟಲಿಯಲ್ಲಿ ಬರೀ ನೀರು, ಇನ್ನೊಂದರಲ್ಲಿ ಉಪ್ಪು ಸಕ್ಕರೆಯ ನೀರು. ಮನೆಯಲ್ಲಿ ಮಾಡುವುದಾದರೆ ಒಂದು ಲೀಟರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ರುಚಿಗೆ ನಿಂಬೆ. ಒ.ಆರ್.ಎಸ್. ಪೊಟ್ಟಣವಾದರೆ ಅದರ ಮೇಲೆ ಬರೆದಷ್ಟೇ ನೀರಿಗೆ ಹಾಕಿ. ಒಂದು ಲೀಟರಿನ ಪೊಟ್ಟಣವನ್ನು ಒಂದೇ ಬಾಟಲಿಗೆ ಸುರಿದು ಗಟ್ಟಿ ಮಾಡಿಕೊಂಡರೆ ಹೊಟ್ಟೆ ತೊಳಸುತ್ತದೆ. ಎಳನೀರು ಒಳ್ಳೆಯದು, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೆಚ್ಚಾಗಿ ಹೋಗುವುದು ಸೋಡಿಯಂ. ಹಾಗಾಗಿ ಉಪ್ಪಿನ ಜಾಗವನ್ನು ಎಳನೀರು ತುಂಬುವುದಿಲ್ಲ, ಉಪ್ಪು ಹಾಕಿದ ನೀರುಮಜ್ಜಿಗೆ ತುಂಬುತ್ತದೆ.

ತಿನ್ನುವುದಕ್ಕೆ ಹಸಿವಾಗುವ ತನಕ ಕಾಯಬೇಡಿ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಎರಡು ಏಲಕ್ಕಿ ಬಾಳೆ ಇಲ್ಲವೇ ಒಂದು ದೊಡ್ಡ ಪಚ್ಚಬಾಳೆ, ಅದರ ಜೊತೆ ಒಂದು ತುಂಡು ಕಡಲೆಮಿಠಾಯಿ, ಇಷ್ಟಾದರೆ ಕೆಳಗಿನ ಮಿತಿ ಮುಟ್ಟುತ್ತದೆ. ಬಾಳೆಹಣ್ಣನ್ನು ಬುಡದಲ್ಲೇ ಮುಗಿಸಿ. ಮೇಲೆ ಕೋತಿಗಳು ಜೇಬಿಗೇ ಕೈ ಹಾಕುತ್ತವೆ. ಈ ಕಾಲದಲ್ಲಿ ರಸ್ತೆ ಬದಿಯಲ್ಲಿ ದ್ರಾಕ್ಷಿ ಮಾರುವವರು ಸಿಗುತ್ತಾರೆ. ತೊಳೆದು ತಿನ್ನಿ, ಚೆನ್ನಾಗಿರುತ್ತದೆ.

ಈಗ ಏರಿನ ಮಾತು. ಬುಡದಿಂದ ತುದಿಗೆ 400 ಮೀಟರಿಗೂ ಹೆಚ್ಚು ಏರಿಕೆ, ಸರಾಸರಿ ಇಳಿಜಾರು ಐದೂವರೆ ಶೇಕಡಾದಷ್ಟು. ಸರಾಸರಿಯನ್ನು ನಂಬಿ ಹೊರಟವರಿಗೆ ಕಡಿದಾದ ತಿರುವುಗಳಲ್ಲಿ ಉಸಿರು ಕಟ್ಟುತ್ತದೆ. ಗೇರಿನ ಲೆಕ್ಕ ಹೇಳುತ್ತೇನೆ. ಮುಂದಿನ ಹಲ್ಲುಚಕ್ರದಲ್ಲಿ 34 ಹಲ್ಲು, ಹಿಂದಿನದರಲ್ಲಿ 32 ಹಲ್ಲಿದ್ದರೆ ಪೆಡಲು ಒಂದು ಸುತ್ತು ತಿರುಗಿದಾಗ ಸೈಕಲ್ಲು ಸುಮಾರು 2.2 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 8 ಕಿ.ಮೀ. ಅದೇ 8 ಕಿ.ಮೀ. ವೇಗವನ್ನು ಮುಂದೆ 39, ಹಿಂದೆ 25 ಹಲ್ಲಿನ ಹಳೆಯ ಗೇರಿನಲ್ಲಿ ಸಾಧಿಸಲು ನಿಮಿಷಕ್ಕೆ 40 ಸುತ್ತು ಮಾತ್ರ ಸಿಗುತ್ತದೆ. ಅಂದರೆ ಪ್ರತಿ ಸುತ್ತಿಗೂ ಒಂದೂವರೆ ಪಟ್ಟು ಒತ್ತಬೇಕು. ನಂದಿ ಏರಿದ ಮರುದಿನ ಮಂಡಿ ನೋಯುತ್ತದೆ ಅನ್ನುವವರಲ್ಲಿ ಬಹಳ ಮಂದಿಯ ಸಮಸ್ಯೆ ಇದು. ಕಾಲಿನ ಶಕ್ತಿಯದ್ದಲ್ಲ, ಹಿಂದಿನ ಕ್ಯಾಸೆಟ್ಟಿನದ್ದು, ಅಂದರೆ ಹಿಂಚಕ್ರದ ಹಲ್ಲುಚಕ್ರಗಳ ಗೊಂಚಲಿನದ್ದು. ಮೊದಲ ಎರಡು ಕಿ.ಮೀ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡುವಷ್ಟು ನಿಧಾನ ಹೋಗಿ. ಅತಿ ಹಗುರವಾದ ಗೇರನ್ನು ಕೊನೆಯ ಭಾಗಕ್ಕೆ ಉಳಿಸಿಕೊಳ್ಳಿ. ಎಡಕ್ಕೆ ತಿರುಗುವ ಹೇರ್‌ಪಿನ್‌ಗಳಲ್ಲಿ ಒಳಅಂಚು ಬಹಳ ಕಡಿದು. ಹಿಂದೆ ವಾಹನವಿಲ್ಲವೆಂದು ನೋಡಿಕೊಂಡು, ನಮ್ಮ ಪಾಲಿನ ರಸ್ತೆಯ ಒಳಗೇ, ಒಂದು ಮೀಟರ್ ಹೊರಗಿನಿಂದ ಸುತ್ತಿದರೆ ಎಷ್ಟೋ ಹಗುರ. ಶನಿವಾರ, ಭಾನುವಾರ ಸೂರ್ಯೋದಯ ನೋಡಲು ಬರುವ ಕಾರು, ಬೈಕುಗಳ ಸಾಲೇ ಇರುತ್ತದೆ. ಸಾಧ್ಯವಾದರೆ ವಾರದ ನಡುವೆ ಹೋಗಿ.

ಇಳಿಯುವಾಗ ಬ್ರೇಕನ್ನು ಉದ್ದಕ್ಕೂ ಹಿಡಿದೇ ಇರುವುದು ದೊಡ್ಡ ತಪ್ಪು. ರಿಮ್ ಬ್ರೇಕಾದರೆ ರಿಮ್ ಕಾದು ಟ್ಯೂಬಿಗೆ ಏಟು, ಡಿಸ್ಕಾದರೆ ಹಿಡಿತ ಸಡಿಲ. ತಿರುವಿಗೆ ಮುಂಚೆ ನೇರ ರಸ್ತೆಯಲ್ಲಿ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಬಿಟ್ಟು, ತಿರುಗಿ. ಹೊರಗಿನ ಪೆಡಲು ಕೆಳಗಿರಲಿ. ಈ ಕಾಲದಲ್ಲಿ ಒಳತಿರುವುಗಳಲ್ಲಿ ಒಣ ಎಲೆಯ ಗುಡ್ಡೆ, ಅದರಡಿ ಮರಳು. ಅದರ ಮೇಲೆ ವಾಲಿಕೊಂಡು ಬ್ರೇಕ್ ಹಿಡಿದರೆ ಮುಂದಿನ ಚಕ್ರ ಜಾರುವುದು ಖಂಡಿತ. ತಿರುವಿನಲ್ಲಿ ರಸ್ತೆ ಕತ್ತರಿಸಿಕೊಂಡು ಮೇಲೇರುವ ಕಾರುಗಳಿರುತ್ತವೆ, ಎಡ ಬಿಡಬೇಡಿ. ಮಾರ್ಚಿಯಲ್ಲಿ ಎಂದಾದರೂ ಮೊದಲ ಮಳೆ ಬಿದ್ದರೆ ತಿಂಗಳುಗಟ್ಟಲೆ ಕೂತ ಧೂಳು, ಎಣ್ಣೆ ಎದ್ದು ರಸ್ತೆ ಸಾಬೂನಿನಂತಾಗುತ್ತದೆ. ಕಾಲು ಗಂಟೆ ನಿಂತು, ಅದು ಕೊಚ್ಚಿಹೋದ ಮೇಲೆ ಇಳಿಯಿರಿ.

ಟೈರಿನ ಗಾಳಿ: 70 ಕೆ.ಜಿ. ತೂಕದವರಿಗೆ 25 ಎಂ.ಎಂ. ಟೈರಿನಲ್ಲಿ ಮುಂದೆ 80, ಹಿಂದೆ 85 ಪಿ.ಎಸ್.ಐ. ಸಾಕು. 28 ಎಂ.ಎಂ.ಗೆ 65–75. ಹೈಬ್ರಿಡ್‌ನ 38 ಎಂ.ಎಂ.ಗೆ 45–50. ತಂಪಿನಲ್ಲಿ 85 ತುಂಬಿಸಿದ ಟೈರಿನೊಳಗಿನ ಗಾಳಿ ಬಿಸಿಲಿಗೆ 45 ಡಿಗ್ರಿವರೆಗೆ ಕಾದರೆ ಸುಮಾರು 10 ಪಿ.ಎಸ್.ಐ. ಏರುತ್ತದೆ. ಆದ್ದರಿಂದ ಟೈರಿನ ಮೇಲೆ ಬರೆದ ಗರಿಷ್ಠದವರೆಗೆ ತುಂಬಿಸಿಕೊಂಡು ಹೊರಡಬೇಡಿ. ಚೈನಿಗೆ ಈ ಧೂಳಿನ ಕಾಲದಲ್ಲಿ ಮೇಣದ ಒಣ ಲೂಬ್ ಒಳ್ಳೆಯದು. ಎಂಜಿನ್ ಆಯಿಲ್, ಹೊಲಿಗೆ ಯಂತ್ರದ ಎಣ್ಣೆ ಹಚ್ಚಿದರೆ ಧೂಳು ಮೆತ್ತಿಕೊಂಡು ಉಪ್ಪುಕಾಗದದಂತೆ ಹಲ್ಲುಗಳನ್ನು ಸವೆಸುತ್ತದೆ. ಒಂದೊಂದು ರೋಲರಿಗೆ ಒಂದೊಂದೇ ಹನಿ, ಹಿಂದಿನ ರಾತ್ರಿಯೇ ಹಾಕಿ, ಬೆಳಗ್ಗೆ ಹೊರಗಿನದನ್ನು ಬಟ್ಟೆಯಲ್ಲಿ ಒರೆಸಿಬಿಡಿ.

ಉತ್ತರ ಕರ್ನಾಟಕದವರಿಗೆ ಒಂದು ಮಾತು. ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆ ಬಿಸಿಲು ಇನ್ನೂ ಬೇಗ ಏರುತ್ತದೆ. ಅಲ್ಲಿ ಮಾರ್ಚಿಯಲ್ಲಿ ಎಂಟೂವರೆಗೆ ಮನೆ ಸೇರುವಂತೆ ದಾರಿ ಹಾಕಿಕೊಳ್ಳಿ. ಎಲ್ಲೇ ಆಗಲಿ, ಬಿಸಿಲಿನಲ್ಲೇ ಮೈ ಜುಮ್ಮೆಂದು ಚಳಿಯಾದಂತೆ ಅನ್ನಿಸಿದರೆ, ತಲೆ ತಿರುಗಿದರೆ, ಇನ್ನು ಐದೇ ಕಿ.ಮೀ. ಅನ್ನುವ ಲೆಕ್ಕ ಬಿಡಿ. ನೆರಳಿಗೆ ಹೋಗಿ, ಕತ್ತಿಗೆ, ತಲೆಗೆ ನೀರು ಸುರಿದುಕೊಳ್ಳಿ, ಉಪ್ಪಿನ ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ, ವಾಹನ ತರಿಸಿ. ಮಾತು ತೊದಲುತ್ತಿದ್ದರೆ, ಗಲಿಬಿಲಿಯಾಗಿದ್ದರೆ ನೇರ ಆಸ್ಪತ್ರೆಗೆ.

ಪಂಚರ್ ಈ ಕಾಲದ ಖಾಯಂ ಅತಿಥಿ. ಹೊಲದ ಬೇಲಿಯ ಜಾಲಿ ಮುಳ್ಳು ಒಣಗಿ ರಸ್ತೆ ಅಂಚಿಗೆ ಬಂದಿರುತ್ತದೆ, ಮಣ್ಣಿನ ಅಂಚಿನಲ್ಲಿ ನೆಗ್ಗಿಲು ಮುಳ್ಳು ಹರಡಿರುತ್ತದೆ. ಫೋಟೋ ತೆಗೆಯಲು ಸೈಕಲ್ಲನ್ನು ಡಾಂಬರಿನಿಂದ ಕೆಳಗಿಳಿಸುವಾಗ ಎತ್ತಿಕೊಂಡು ಹೋಗಿ. ಎರಡು ಟ್ಯೂಬು, ಟೈರು ಬಿಚ್ಚುವ ಮೂರು ಲಿವರು, ಪಂಪು, ಪ್ಯಾಚು, ಸಲ್ಯೂಷನ್ನು ಜೊತೆಗಿರಲಿ. ನಿಮ್ಮ ಟ್ಯೂಬಿನ ಗಾಳಿಮೂತಿ ಸಣ್ಣ ಪ್ರೆಸ್ಟಾ ವಾಲ್ವ್ ಆದರೆ ಹಿತ್ತಾಳೆಯ ಅಡಾಪ್ಟರನ್ನೂ ಇಟ್ಟುಕೊಳ್ಳಿ. ಅದಿಲ್ಲದೆ ರಸ್ತೆ ಬದಿಯ ಪಂಚರ್ ಅಂಗಡಿಯ ಕಂಪ್ರೆಸರಿನಿಂದ ನಿಮಗೆ ಗಾಳಿ ಸಿಗುವುದಿಲ್ಲ. ಟ್ಯೂಬು ಬದಲಿಸುವ ಮುಂಚೆ ಟೈರಿನ ಒಳಗೆ ಹತ್ತಿಯ ಉಂಡೆಯನ್ನು ಸುತ್ತಲೂ ಸವರಿ. ಮುಳ್ಳಿನ ತುದಿ ಇದ್ದ ಕಡೆ ಎಳೆ ಸಿಕ್ಕಿಕೊಳ್ಳುತ್ತದೆ, ಬೆರಳಿಗೆ ಗಾಯವೂ ಆಗದು. ಪ್ಯಾಚ್ ಹಾಕುವುದಾದರೆ ಉಪ್ಪುಕಾಗದದಿಂದ ಉಜ್ಜಿ, ಸಲ್ಯೂಷನ್ ತೆಳ್ಳಗೆ ಸವರಿ, ಐದು ನಿಮಿಷ ಆರಲು ಬಿಟ್ಟ ಮೇಲೇ ಅಂಟಿಸಿ. ಒದ್ದೆಯಿದ್ದಾಗ ಅಂಟಿಸಿದ ಪ್ಯಾಚ್ ಬಿಸಿಲಿಗೆ ಜಾರುತ್ತದೆ.

ಮನೆಗೆ ಬಂದ ಕೂಡಲೇ, ಸ್ನಾನಕ್ಕೂ ಮುಂಚೆ, ಚಕ್ರ ನಿಧಾನ ತಿರುಗಿಸಿ ಟೈರು ನೋಡಿ. ನೆಗ್ಗಿಲು ಮುಳ್ಳು ನೆಟ್ಟ ಜಾಗವನ್ನು ತಾನೇ ಮುಚ್ಚಿಕೊಂಡು ಕೂತಿರುತ್ತದೆ, ಗಾಳಿ ರಾತ್ರಿಯಿಡೀ ಸೋರಿ ಬೆಳಗ್ಗೆ ಟೈರು ನೆಲಕಚ್ಚಿರುತ್ತದೆ. ದಾರಿಯಲ್ಲಿ ಕಂಡರೂ ಗಾಳಿ ನಿಂತಿರುವ ತನಕ ಅದನ್ನು ಕೀಳಬೇಡಿ. ಕಿತ್ತ ತಕ್ಷಣ ಅಲ್ಲೇ ಬಿಸಿಲಿನಲ್ಲಿ ಟ್ಯೂಬು ಬದಲಿಸುತ್ತಾ ಕೂರಬೇಕಾಗುತ್ತದೆ. ಮನೆಯ ನೆರಳಿನಲ್ಲಿ, ಚಿಮಟದಲ್ಲಿ ಕಿತ್ತು, ಅಂದೇ ಪ್ಯಾಚ್ ಹಾಕಿಡಿ.