ಗೂಬೆ ಕೂರಿಸಿದ ದ್ರಾಕ್ಷಿತೋಟ

ಈ ಸಲ ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ನಮ್ಮ ಗುಂಪಿನವರು ಹಂಚಿಕೊಂಡು ತರುವ ಊಟದಲ್ಲಿ ನಮ್ಮ ಪಾಲಿಗೆ ಬಂದದ್ದು ಬಿಸಿಬೇಳೆಬಾತು ಮತ್ತು ಎರಡು ಬಾಟಲಿ ಕೆಂಪು ವೈನ್. ಮೊದಲನೆಯದನ್ನು ಕಣ್ಣು ಮುಚ್ಚಿಕೊಂಡು ಮಾಡಬಲ್ಲೆ. ಎರಡನೆಯದರಲ್ಲಿ ನನ್ನ ಪಾಂಡಿತ್ಯ ಬೆಲೆಚೀಟಿಯನ್ನು ದಾಟಿಲ್ಲ. ಹಾಗಾಗಿ ಹಿಂದಿನ ಶನಿವಾರ ನಾವಿಬ್ಬರೂ ಸ್ಯಾಕ್ರಮೆಂಟೊದಿಂದ ಹೈವೇ 99 ಹಿಡಿದು ವೈನ್ ದ್ರಾಕ್ಷಿಯ ಊರಾದ ಲೋಡೈಗೆ ಹೋದೆವು.

ಹಾಗೆಂದು ದ್ರಾಕ್ಷಿ ನನಗೆ ಹೊಸದೇನಲ್ಲ. ದೊಡ್ಡಬಳ್ಳಾಪುರದ ಕಡೆ ನಮ್ಮದು ಬೆಂಗಳೂರು ಬ್ಲೂ ತೋಟ. ಮೈಲುತುತ್ತ, ಸುಣ್ಣ ಕಲಸಿ ಸಿಂಪಡಿಸಿದ ಸಂಜೆ ಅಪ್ಪನ ಅಂಗೈ ಗೆರೆಗಳಲ್ಲಿ ನೀಲಿ ಉಳಿದಿರುತ್ತಿತ್ತು. ಎಷ್ಟು ಉಜ್ಜಿದರೂ ಹೋಗದು. ಅವತ್ತು ಮಾತ್ರ ಅವರು ಮುದ್ದೆ ಬೇಡವೆಂದು ಅನ್ನ ಹಾಕಿಸಿಕೊಂಡು ಚಮಚದಲ್ಲಿ ಉಣ್ಣುತ್ತಿದ್ದರು.

ಲೋಡೈಯ ತೋಟದಲ್ಲಿ ಚಪ್ಪರವೂ ಇಲ್ಲ, ತಂತಿಯೂ ಇಲ್ಲ. ಸೊಂಟದೆತ್ತರದ ಕಪ್ಪು ಮೋಟುಗಳು, ಅವುಗಳ ತಲೆಯ ಮೇಲೆ ಕೆಂಪಾದ ನಾಲ್ಕು ಎಲೆ. ನೂರು ವರ್ಷ ದಾಟಿದ, ಜಿನ್‌ಫಂಡೆಲ್ ಎಂಬ ವೈನ್ ದ್ರಾಕ್ಷಿಯ ಬಳ್ಳಿಗಳಂತೆ. ನೆಲದ ಮಣ್ಣನ್ನು ಹಿಡಿದು ನೋಡಿದೆ, ಚಿರೋಟಿ ರವೆಯ ಹಾಗೆ ಬೆರಳ ಸಂದಿಯಿಂದ ಉದುರಿತು. ದ್ರಾಕ್ಷಿಯ ಬೇರು ತಿನ್ನುವ ಫಿಲಾಕ್ಸೆರಾ ಹುಳುವಿಗೆ ಇಂಥ ಮರಳುಮಣ್ಣು ಆಗಿಬರುವುದಿಲ್ಲ, ಅದಕ್ಕೇ ಇವು ಉಳಿದುಕೊಂಡಿವೆ. ಕ್ಯಾಲಿಫೋರ್ನಿಯಾ ತನ್ನದೇ ಎಂದು ಮೆರೆಸುವ ಈ ತಳಿಯ ತವರು ಕ್ರೊಯೇಷಿಯಾ ಎಂದು 2001ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಗೊತ್ತಾಯಿತು. ನಾನೂ ವಲಸೆ ಬಂದವಳೇ, ಬಳ್ಳಿಯ ಮೇಲೆ ಸಲುಗೆ ಹುಟ್ಟಿತು.

ಸಾಲುಗಳ ನಡುವೆ ಕಂಬಗಳ ಮೇಲೆ ಮರದ ಪೆಟ್ಟಿಗೆಗಳಿದ್ದವು, ಕಣಜ ಗೂಬೆಗಳಿಗಾಗಿ. ಬೇರು ಕಡಿಯುವ ಹೆಗ್ಗಣದಂಥ ಗೋಫರ್‌ಗಳನ್ನು ಅವು ರಾತ್ರಿ ಹಿಡಿಯುತ್ತವೆ, ವಿಷ ಇಡುವ ಕೆಲಸ ತಪ್ಪುತ್ತದೆ. ನಮ್ಮಲ್ಲಿ ಯಾರ ಮೇಲಾದರೂ ಗೂಬೆ ಕೂರಿಸಿದರೆ ಜಗಳ. ಇವರು ದುಡ್ಡು ಖರ್ಚು ಮಾಡಿ ಕೂರಿಸುತ್ತಾರೆ!

ಬಾಟಲಿಯ ಹಿಂದೆ 'ಲೋಡೈ ರೂಲ್ಸ್' ಎಂಬ ಮುದ್ರೆಯಿತ್ತು. ಪರಿಸರಕ್ಕೆ ಹೊಂದುವ ದ್ರಾಕ್ಷಿ ಬೇಸಾಯಕ್ಕೆ ಕೊಡುವ, 2005ರಿಂದ ನಡೆದುಬಂದಿರುವ ಪ್ರಮಾಣಪತ್ರ. ನೀರು, ಮಣ್ಣು, ಕೆಲಸಗಾರರು, ಎಲ್ಲಕ್ಕೂ ಅಂಕ. ನನ್ನ ಕಿವಿ ನೆಟ್ಟಗಾದದ್ದು ಸಿಂಪರಣೆಯ ಮಾತು ಬಂದಾಗ. ಸಾವಯವವಾಗಲಿ ರಾಸಾಯನಿಕವಾಗಲಿ, ವರ್ಷವಿಡೀ ಹೊಡೆದದ್ದೆಲ್ಲ ಲೆಕ್ಕಕ್ಕೆ ಬರುತ್ತದೆ. ಹಾಗಾದರೆ ಮೈಲುತುತ್ತಕ್ಕೂ ಮಾಫಿಯಿಲ್ಲ.

ಇನ್ನೊಂದು ವಿಚಾರ ಕೇಳಲೇಬೇಕಿತ್ತು. ನಮ್ಮ ಗುಂಪಿನಲ್ಲಿ ವೈನ್ ಕುಡಿಯುವ, ಆದರೆ ಮೊಟ್ಟೆ ಮುಟ್ಟದ ಇಬ್ಬರಿದ್ದಾರೆ. ನಗಬೇಡಿ. ಕೆಂಪು ವೈನಿನ ಒಗರು ಇಳಿಸಲು ಮೊಟ್ಟೆಯ ಬಿಳಿ ಹಾಕುವ ರೂಢಿ ಹಳೆಯದು, ಹಾಕಿದ್ದಾರೋ ಇಲ್ಲವೋ ಎಂಬುದನ್ನು ಆ ಮುದ್ರೆ ಹೇಳುವುದಿಲ್ಲ. ರುಚಿ ನೋಡಲು ಸುರಿಯುತ್ತಿದ್ದಾಕೆಯನ್ನು ಕೇಳಿದೆ. ಒಳಗೆ ಹೋಗಿ ವಿಚಾರಿಸಿಕೊಂಡು ಬಂದು, "ಇದಕ್ಕಿಲ್ಲ, ತಾನಾಗಿಯೇ ತಿಳಿಯಾಗಲು ಬಿಟ್ಟಿದ್ದು" ಎಂದರು. ಎರಡು ಬಾಟಲಿ ಕಟ್ಟಿಸಿಕೊಂಡೆವು.

ಊಟದ ದಿನ ಫಜೀತಿಯಾಯಿತು. ಮದ್ಯಸಾರ ಶೇ 15ರಷ್ಟಿತ್ತು. ಖಾರದ ಬಿಸಿಬೇಳೆಬಾತಿನ ಮೇಲೆ ಒಂದು ಗುಟುಕು ಕುಡಿದವರೆಲ್ಲ ನೀರಿಗೆ ಕೈಚಾಚಿದರು. ಎರಡನೆಯ ಬಾಟಲಿಯನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, ಸುಟ್ಟ ಸಿಹಿಗೆಣಸು, ಕ್ರ್ಯಾನ್‌ಬೆರಿ ಗೊಜ್ಜಿನ ಜೊತೆ ಕೊಟ್ಟೆ. ಆಗ ನೇರಳೆಹಣ್ಣು, ಕಾಳುಮೆಣಸಿನಂಥ ರುಚಿ ಹೊರಬಂತು. ಮೊಟ್ಟೆ ಮುಟ್ಟದವರೇ ಅದನ್ನು ಖಾಲಿ ಮಾಡಿದರು.

ರಾತ್ರಿ ಅಪ್ಪನಿಗೆ ತೋಟದ ಫೋಟೊ ಕಳಿಸಿ ಫೋನ್ ಮಾಡಿದೆ.

"ಇದು ದ್ರಾಕ್ಷಿಯೇನಮ್ಮ? ಕಡಿದ ಹಿಪ್ಪುನೇರಳೆ ಇದ್ದ ಹಾಗಿದೆ" ಎಂದರು. ಗೂಬೆಯ ಕಥೆಗೆ ಜೋರಾಗಿ ನಕ್ಕರು. ಆಮೇಲೆ, "ಔಷಧಿ ಹೊಡೆಯುವವರು ಕೈಗೆ ಏನು ಹಾಕಿಕೊಳ್ಳುತ್ತಾರೆ?"

"ಕೈಗವಸು ಅಪ್ಪ, ಕಣ್ಣಿಗೆ ಕನ್ನಡಕವೂ."

"ಹೂಂ. ಬಾಟಲಿಗೆ ಎಷ್ಟು ಕೊಟ್ಟೆ?"

ರೂಪಾಯಿಗೆ ತಿರುಗಿಸಿ ಹೇಳಿದೆ. ಅತ್ತ ಕಡೆ ಬಾಯಲ್ಲೇ ಲೆಕ್ಕ ಹಾಕುವುದು ಕೇಳಿಸಿತು. ಎಷ್ಟು ಕೆಜಿ ಬೆಂಗಳೂರು ಬ್ಲೂಗೆ ಸಮವೆಂದು ಮಾತ್ರ ಹೇಳಲಿಲ್ಲ.