ಮಾರಾಟವಾಗದ ಬೆಲೆಗಳು

ಅಕ್ಕನ ಮಗಳ ಓದಿಗೆಂದು ಬಳಸಿದ ಲ್ಯಾಪ್‌ಟಾಪ್ ಒಂದನ್ನು ಹುಡುಕಿಕೊಡುವ ಕೆಲಸ 2025ರ ಆಗಸ್ಟ್‌ನಲ್ಲಿ ನನ್ನ ಪಾಲಿಗೆ ಬಂದಿತು. ವಾರದೊಳಗೆ ಮುಗಿಯಬಹುದೆಂದುಕೊಂಡಿದ್ದ ಹುಡುಕಾಟ ಎರಡು ತಿಂಗಳು ಹಿಡಿಯಿತು. ಮಾರುವವರಿಗೇನೂ ಬರವಿರಲಿಲ್ಲ, ಆದರೆ ಎಂಟು ವರ್ಷ ದುಡಿದ, ಪರದೆಯ ಕೀಲು ಸಡಿಲವಾದ, ಚಾರ್ಜರ್ ಕಿತ್ತೊಡನೆ ಆರಿಹೋಗುವ ಯಂತ್ರಕ್ಕೂ ಹೊಸ ಸಾಧಾರಣ ಲ್ಯಾಪ್‌ಟಾಪಿನ ಮುಕ್ಕಾಲು ಪಾಲು ಬೆಲೆ ಹೇಳುವವರೇ ಹೆಚ್ಚಾಗಿದ್ದರು. ಕಾರಣ ಕೇಳಿದರೆ, "ಕೊಂಡಾಗ ಇದಕ್ಕೆ ಎಷ್ಟು ಕೊಟ್ಟಿದ್ದೆವು ಗೊತ್ತೇ?" ಎಂಬುದೇ ಬಹುತೇಕ ಎಲ್ಲರ ಉತ್ತರ.

ಕೊಟ್ಟ ಹಣಕ್ಕೆ ಪ್ರತಿಯಾಗಿ ಎಂಟು ವರ್ಷಗಳ ಉಪಯೋಗವನ್ನು ಅವರು ಆಗಲೇ ಪಡೆದುಕೊಂಡಿದ್ದಾರೆ ಎಂಬುದನ್ನು ಈ ಉತ್ತರ ಮರೆಯುತ್ತದೆ. ಕೊಳ್ಳುವವರು ಹಣ ಕೊಡುವುದು ಯಂತ್ರದಲ್ಲಿ ಇನ್ನು ಉಳಿದಿರುವ ವರ್ಷಗಳಿಗೆ ಮಾತ್ರ. ಚಿನ್ನವನ್ನೋ ನೆಲವನ್ನೋ ಕೊಂಡವರ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅನೇಕ ಲ್ಯಾಪ್‌ಟಾಪ್‌ಗಳ ಲಿಥಿಯಂ-ಅಯಾನ್ ಬ್ಯಾಟರಿ 300ರಿಂದ 500 ಸಲ ಪೂರ್ತಿ ಚಾರ್ಜ್ ಆಗಿ ಖಾಲಿಯಾಗುವಷ್ಟರಲ್ಲಿ ತನ್ನ ಸಾಮರ್ಥ್ಯದ ಐದನೆಯ ಒಂದು ಪಾಲನ್ನು ಕಳೆದುಕೊಂಡಿರುತ್ತದೆ. ದಿನವೂ ಬಳಸುವವರಿಗೆ ಅದು ಎರಡು ಮೂರು ವರ್ಷಗಳ ಮಾತು. ಹೊಸ ಬ್ಯಾಟರಿಯ ಖರ್ಚನ್ನು ಹೇಳಿದ ಬೆಲೆಯಲ್ಲಿ ಕಳೆದು ತೋರಿಸಿದರೆ, ಮಾರುವವರಿಗೆ ಅದು ಚೌಕಾಸಿಯ ಹೂಟದಂತೆ ಕಾಣುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಪ್ರೊಸೆಸರ್, ಅಂದರೆ ಕಂಪ್ಯೂಟರಿನ ಮುಖ್ಯ ಚಿಪ್, ಅದರ ಹೆಸರಿನದು. ಜಾಹೀರಾತುಗಳಲ್ಲಿ "ಐ7" ಎಂದಷ್ಟೇ ಬರೆದು, ಅದೊಂದೇ ಅಕ್ಷರ ಮತ್ತು ಅಂಕಿಯ ಬಲದ ಮೇಲೆ ಬೆಲೆ ಏರಿಸುತ್ತಾರೆ. ಇಂಟೆಲ್ ಕಂಪನಿ ಈ ಹೆಸರನ್ನು ಬಳಕೆಗೆ ತಂದದ್ದು 2008ರಲ್ಲಿ; ಆಮೇಲೆ ಬಂದ ಹಲವು ತಲೆಮಾರುಗಳ ಚಿಪ್‌ಗಳಿಗೂ ಅದೇ ಹೆಸರು. ಆದ್ದರಿಂದ ಯಾವ ತಲೆಮಾರಿನದು ಎಂದು ಹೇಳದ ಹೊರತು ಆ ಹೆಸರಿನಿಂದ ಏನೂ ತಿಳಿಯುವುದಿಲ್ಲ. 2016ರಲ್ಲಿ ಬಂದ, ಏಳನೆಯ ತಲೆಮಾರಿನ ಐ7-7500ಯು ಚಿಪ್‌ನಲ್ಲಿ ಇರುವುದು ಎರಡು ಕೋರ್‌ಗಳು, ಅಂದರೆ ಲೆಕ್ಕ ಮಾಡುವ ಘಟಕಗಳು; ಮರುವರ್ಷ ಬಂದ, ಹೆಸರಿನಲ್ಲಿ ಅದಕ್ಕಿಂತ ಕೆಳಗಿನದೆನಿಸುವ, ಎಂಟನೆಯ ತಲೆಮಾರಿನ ಐ5-8250ಯು ಚಿಪ್‌ನಲ್ಲಿ ನಾಲ್ಕು. ಎಂಟನೆಯ ತಲೆಮಾರಿಗೆ ಮುಂಚಿನ ಇಂಟೆಲ್ ಪ್ರೊಸೆಸರ್‌ಗಳನ್ನು, ಕೆಲವೇ ಅಪವಾದಗಳನ್ನು ಬಿಟ್ಟರೆ, ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವೋ (ಮಾಮೂಲಿ ಭದ್ರತಾ ಅಪ್‌ಡೇಟ್‌ಗಳು) 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂಥ ಯಂತ್ರದಲ್ಲಿ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು ಇನ್ನೂ ಹಲವು ವರ್ಷ ಕೆಲಸ ಮಾಡಬಹುದು, ಅದನ್ನು ಕಸವೆಂದು ನಾನು ಹೇಳಲಾರೆ. ಆದರೆ ಬೆಲೆ ಹೇಳುವಾಗ ಈ ಗೆರೆಯ ಆಚೆ ಈಚೆ ಇರುವ ಎರಡು ಯಂತ್ರಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಎರಡು ತಿಂಗಳು ದಿನವೂ ಅವೇ ಜಾಹೀರಾತುಗಳನ್ನು ನೋಡುತ್ತಾ ಹೋದಂತೆ ನನಗೆ ಇನ್ನೊಂದು ವಿಷಯ ಹೊಳೆಯಿತು, ಮತ್ತು ಈ ಬರಹಕ್ಕೆ ಅದೇ ಕಾರಣ. ನ್ಯಾಯವಾದ ಬೆಲೆಯ ಯಂತ್ರ ಬೆಳಿಗ್ಗೆ ಕಾಣಿಸಿಕೊಂಡರೆ ಸಂಜೆಯೊಳಗೆ ಮಾರಾಟವಾಗಿ, ಅದರ ಜಾಹೀರಾತೂ ಕಣ್ಮರೆಯಾಗುತ್ತದೆ. ಅತಿ ಬೆಲೆಯ ಯಂತ್ರ ಮಾತ್ರ ವಾರಗಟ್ಟಲೆ ಅಲ್ಲೇ ಉಳಿಯುತ್ತದೆ. ಹೀಗಾಗಿ ಯಾವ ದಿನ ನೋಡಿದರೂ ಕಣ್ಣಿಗೆ ಬೀಳುವ ಬೆಲೆಗಳಲ್ಲಿ ಹೆಚ್ಚಿನವು ಯಾರೂ ಕೊಡಲೊಪ್ಪದ ಬೆಲೆಗಳೇ. ಹೊಸದಾಗಿ ಮಾರಲು ಬಂದವರು ಅವನ್ನೇ ನೋಡಿ, "ಎಲ್ಲರೂ ಇಷ್ಟು ಹೇಳುತ್ತಿದ್ದಾರೆ, ಇದೇ ಮಾರುಕಟ್ಟೆ ದರ" ಎಂದು ನಂಬಿ ತಮ್ಮ ಬೆಲೆಯನ್ನೂ ಅಲ್ಲಿಗೇ ಏರಿಸುತ್ತಾರೆ. ಇವರಲ್ಲಿ ಮೋಸದ ಉದ್ದೇಶ ಇರುವವರು ತೀರ ಕಡಿಮೆ ಎಂದೇ ನನ್ನ ಅನಿಸಿಕೆ. ಮಾರಾಟವಾಗದ ಬೆಲೆಯನ್ನು ಅವರು ಮಾರಾಟದ ಬೆಲೆಯೆಂದು ತಿಳಿದುಕೊಂಡಿದ್ದಾರೆ, ಅಷ್ಟೆ.

ತನ್ನದಾದ ವಸ್ತುವಿನ ಮೇಲೆ ಮನುಷ್ಯನಿಗೆ ಇರುವ ಮಮಕಾರವೂ ಇದಕ್ಕೆ ಸೇರುತ್ತದೆ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್, ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಮತ್ತು ಅವರ ಸಂಗಡಿಗರೊಬ್ಬರು 1990ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಆಗಷ್ಟೇ ಕೈಗೆ ಬಂದ ಕಾಫಿ ಮಗ್ಗನ್ನು ಮಾರಲು ಜನ ಕೇಳಿದ ಬೆಲೆ, ಮಗ್ ಸಿಗದವರು ಕೊಡಲು ಒಪ್ಪಿದ್ದರ ಸುಮಾರು ಎರಡರಷ್ಟಿತ್ತು. ಕೆಲವು ನಿಮಿಷ ಕೈಯಲ್ಲಿದ್ದ ಮಗ್ಗಿಗೇ ಹೀಗಾದರೆ, ವರ್ಷಗಟ್ಟಲೆ ಜೊತೆಗಿದ್ದ ಕಂಪ್ಯೂಟರಿನ ವಿಷಯದಲ್ಲಿ ಆಶ್ಚರ್ಯಪಡುವಂಥದ್ದೇನಿಲ್ಲ. ಬೆಲೆ ಏರಿದ ದಿನಗಳ ನೆನಪಂತೂ ಇನ್ನೂ ಗಟ್ಟಿ. 2021ರಲ್ಲಿ ಚಿಪ್‌ಗಳ ಕೊರತೆಯೂ ಕ್ರಿಪ್ಟೋ ಗಣಿಗಾರಿಕೆಯೂ (ಕಂಪ್ಯೂಟರಿನಿಂದ ಲೆಕ್ಕ ಮಾಡಿಸಿ ಡಿಜಿಟಲ್ ನಾಣ್ಯ ಗಳಿಸುವುದು) ಸೇರಿ, ಬಳಸಿದ ಗ್ರಾಫಿಕ್ಸ್ ಕಾರ್ಡ್‌ಗಳು ಹೊಸದರ ನಿಗದಿತ ಬೆಲೆಯನ್ನೂ ಮೀರಿ ಮಾರಾಟವಾದವು. ಆ ಕಾರ್ಡ್‌ಗಳಿಂದ ಗಣಿಗಾರಿಕೆ ನಡೆಯುತ್ತಿದ್ದ ಕ್ರಿಪ್ಟೋ ಜಾಲ ಎಥೀರಿಯಂ, 2022ರ ಸೆಪ್ಟೆಂಬರ್ 15ರಂದು ಗಣಿಗಾರಿಕೆಯನ್ನೇ ಕೈಬಿಟ್ಟಿತು. ಆದರೂ ಅದೇ ಕಾರ್ಡ್‌ಗಳಿಗೆ 2021ರ ಬೆಲೆಯನ್ನೇ ಹೇಳುವವರನ್ನು ನಾನು ಈಗಲೂ ಕಂಡಿದ್ದೇನೆ.

ಇದರ ಭಾರ ಬೀಳುವುದು ಹೊಸದನ್ನು ಕೊಳ್ಳಲಾಗದವರ ಮೇಲೆ ಎಂಬುದೇ ನನ್ನನ್ನು ನೋಯಿಸುವ ಸಂಗತಿ. ಮಾರುವವರೂ ಏನೂ ಗಳಿಸುವುದಿಲ್ಲ. ಮನೆಯ ಕಪಾಟಿನಲ್ಲಿ ಕುಳಿತ ಒಂದೊಂದು ತಿಂಗಳೂ ಯಂತ್ರದ ಆಯುಷ್ಯದಿಂದಲೇ ಕಳೆಯುತ್ತದೆ.

ಕೊನೆಗೆ ನಮಗೆ ಸಿಕ್ಕ ಲ್ಯಾಪ್‌ಟಾಪಿನ ಜಾಹೀರಾತಿನಲ್ಲಿ ಪ್ರೊಸೆಸರಿನ ಪೂರ್ತಿ ಹೆಸರು, ಬ್ಯಾಟರಿಯಲ್ಲಿ ಉಳಿದ ಸಾಮರ್ಥ್ಯ, ಮೂಲೆಯಲ್ಲಿದ್ದ ಬಿರುಕಿನ ಚಿತ್ರ ಎಲ್ಲವೂ ಇದ್ದವು. ಹೇಳಿದ ಬೆಲೆಗೇ, ಚೌಕಾಸಿ ಮಾಡದೆ ಕೊಂಡೆವು. ಹುಡುಕಾಟದ ಮೊದಲ ವಾರದಲ್ಲಿ ನೋಡಿದ್ದ, ಕೀಲು ಸಡಿಲವಾದ ಆ ಏಳನೆಯ ತಲೆಮಾರಿನ ಐ7 ಯಂತ್ರದ ಜಾಹೀರಾತು ವಿಂಡೋಸ್ 10ರ ಬೆಂಬಲ ಮುಗಿದ ಮೇಲೂ ಹಾಗೆಯೇ ಇತ್ತು. ಬೆಲೆ ಆಗಸ್ಟ್‌ನಲ್ಲಿ ಇದ್ದಷ್ಟೇ.