ಮಾರ್ಜಿನ್‌ನಲ್ಲಿ ಪೆನ್ಸಿಲ್‌ನಿಂದ ಬರೆದ ಪ್ರಶ್ನೆ

ಅಮೆರಿಕಕ್ಕೆ ಬಂದ ಮೊದಲ ಸೆಮಿಸ್ಟರ್‌ನಲ್ಲಿ ನನಗೆ ಬೇಡವೇ ಬೇಡ ಅನಿಸಿದ್ದ ಕ್ಲಾಸ್ ಒಂದಿತ್ತು. ರೈಟಿಂಗ್ ಕೋರ್ಸ್. ನಾನು ಬಂದದ್ದು ಎಂಜಿನಿಯರಿಂಗ್ ಓದಲು, ಪ್ರಬಂಧ ಯಾಕೆ ಬರೆಯಬೇಕು? ಆದರೆ ಇಲ್ಲಿನ ಹೆಚ್ಚಿನ ಕಾಲೇಜುಗಳಲ್ಲಿ ಮೊದಲ ವರ್ಷ ಇದನ್ನು ಓದಲೇಬೇಕು. ಹಾರ್ವರ್ಡ್‌ನಲ್ಲಿ 1880ರ ದಶಕದಲ್ಲೇ ಇಂಥ ಕೋರ್ಸ್ ಶುರುವಾಗಿತ್ತಂತೆ. ಈಗ ಯೋಚಿಸಿದರೆ, ಇಲ್ಲಿಗೆ ಬಂದ ಮೇಲೆ ಕಲಿತದ್ದರಲ್ಲಿ ದಿನಾ ಉಪಯೋಗಕ್ಕೆ ಬರುತ್ತಿರುವುದು ಅದೊಂದೇ.

ಮೊದಲ ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ನೀರಿನ ಉಳಿತಾಯ. ಶಾಲೆಯಲ್ಲಿ ಕಲಿತ ಹಾಗೆ ಪೀಠಿಕೆ, ವಿವರಣೆ, ಉಪಸಂಹಾರ ಎಲ್ಲ ಇಟ್ಟೆ. ಮೊದಲ ವಾಕ್ಯ ಹೀಗಿತ್ತು: "ಅನಾದಿ ಕಾಲದಿಂದಲೂ ಮನುಷ್ಯನ ಬದುಕಿನಲ್ಲಿ ನೀರಿಗೆ ಬಹಳ ಮುಖ್ಯವಾದ ಸ್ಥಾನವಿದೆ." ಬರೆದು ಖುಷಿಯಾಗಿತ್ತು.

ಟೀಚರ್ ಪೇಪರ್ ವಾಪಸ್ ಕೊಟ್ಟಾಗ ಆ ವಾಕ್ಯದ ಪಕ್ಕ ಪೆನ್ಸಿಲ್‌ನಲ್ಲಿ ಸಣ್ಣದಾಗಿ ಒಂದು ಪ್ರಶ್ನೆ. "ನಿನಗೆ ಇದು ಹೇಗೆ ಗೊತ್ತು?" ಮುಂದಿನ ವಾಕ್ಯಕ್ಕೂ ಅದೇ. ಮೂರನೆಯದಕ್ಕೂ ಅದೇ. ಮೊದಲ ಪುಟ ಪೂರ್ತಿ ಹೀಗೇ ಇತ್ತು. ಎರಡನೇ ಪುಟದ ಕೊನೆಯಲ್ಲಿ ಮಾತ್ರ ಒಂದು ಸಾಲಿಗೆ ಗೆರೆ ಎಳೆದು, "ನಿನ್ನ ಪ್ರಬಂಧ ಶುರುವಾಗುವುದು ಇಲ್ಲಿ" ಅಂತ ಬರೆದಿದ್ದರು. ಹಾಸ್ಟೆಲ್ ಬಾತ್‌ರೂಮಿನ ನಲ್ಲಿ ರಾತ್ರಿಯೆಲ್ಲ ತೊಟ್ಟಿಕ್ಕುತ್ತದೆ ಅಂತ ನಾನು ಸುಮ್ನೆ ಸೇರಿಸಿದ್ದ ಸಾಲು ಅದು.

ಬೇಜಾರಾಯಿತು. ಆಫೀಸ್ ಅವರ್ಸ್‌ಗೆ ಹೋದೆ. ಇಲ್ಲಿ ಅಧ್ಯಾಪಕರು ವಾರಕ್ಕೆ ಇಂತಿಷ್ಟು ಹೊತ್ತು ಅಂತ ತಮ್ಮ ಕೋಣೆಯಲ್ಲಿ ಕೂತಿರುತ್ತಾರೆ, ಯಾವ ವಿದ್ಯಾರ್ಥಿ ಬೇಕಾದರೂ ಹೋಗಿ ಮಾತಾಡಬಹುದು. ನಮ್ಮ ಟೀಚರನ್ನು ಎಲ್ಲರೂ ಹೆಸರು ಹಿಡಿದೇ ಕರೆಯುತ್ತಿದ್ದರು. ನನಗೆ ಬಾಯಿ ಬರಲಿಲ್ಲ, ಕೊನೆಯವರೆಗೂ ಮೇಡಂ ಅಂತಲೇ ಅಂದೆ. ಅವರು ನನ್ನ ಇಂಗ್ಲಿಷ್ ತಿದ್ದುತ್ತಾರೆ ಅಂದುಕೊಂಡಿದ್ದೆ. ವ್ಯಾಕರಣದ ಮಾತೇ ಬರಲಿಲ್ಲ. "ಆ ನಲ್ಲಿಯಿಂದ ಎಷ್ಟು ನೀರು ಹೋಗುತ್ತದೆ?" ಅಂತ ಕೇಳಿದರು. ಗೊತ್ತಿಲ್ಲ ಅಂದೆ. "ಹಾಗಾದರೆ ನೋಡಿಕೊಂಡು ಬಾ."

ಅವತ್ತು ರಾತ್ರಿ ನಲ್ಲಿಯ ಕೆಳಗೆ ಕಾಲು ಲೀಟರಿನ ಮಗ್ ಇಟ್ಟು ಫೋನಿನಲ್ಲಿ ಟೈಮರ್ ಹಾಕಿದೆ. ಸೆಕೆಂಡಿಗೆ ಒಂದು ಹನಿ, ಒಮ್ಮೊಮ್ಮೆ ಸ್ವಲ್ಪ ಜಾಸ್ತಿ. ಮೊದಲು ತಳಕ್ಕೆ ಬಡಿಯುವ ಟಕ್ ಟಕ್ ಸದ್ದು, ಆಮೇಲೆ ನೀರಿನ ಮೇಲೆ ಬೀಳುವ ಮೆತ್ತನೆಯ ಸದ್ದು. 12 ನಿಮಿಷಕ್ಕೆ ಮಗ್ ತುಂಬಿತು. ದಿನಕ್ಕೆ 30 ಲೀಟರ್, ವರ್ಷಕ್ಕೆ ಸುಮಾರು 11,000 ಲೀಟರ್! ಲೈಬ್ರರಿಯಲ್ಲಿ ಕೂತು ಹುಡುಕಿದಾಗ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಲೆಕ್ಕವೂ ಸಿಕ್ಕಿತು. ಸೆಕೆಂಡಿಗೆ ಒಂದು ಹನಿ ಸೋರುವ ನಲ್ಲಿಯಿಂದ ವರ್ಷಕ್ಕೆ 3,000 ಗ್ಯಾಲನ್‌ಗೂ ಜಾಸ್ತಿ ನೀರು ಪೋಲಾಗುತ್ತದೆ. ಲೀಟರಿಗೆ ತಿರುಗಿಸಿದರೆ ಹೆಚ್ಚುಕಡಿಮೆ ನನ್ನ ಮಗ್ಗಿನ ಲೆಕ್ಕವೇ. ಆ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಬರೆದಾಗ ಆದ ಸಂತೋಷ ನನಗಿನ್ನೂ ನೆನಪಿದೆ. ಯಾರ ಮಾತನ್ನು ಎಲ್ಲಿಂದ ತೆಗೆದುಕೊಂಡೆ ಅಂತ ಹೇಳುವುದು ಬರೀ ನಿಯಮ ಅಂದುಕೊಂಡಿದ್ದೆ. ನನ್ನ ಮಾತಿಗೆ ಇನ್ನೊಬ್ಬರ ಬೆಂಬಲ ಸಿಗುವುದು ಅಲ್ಲೇ ಅಂತ ಆಗ ಗೊತ್ತಾಯಿತು.

ಎಂಎಲ್‌ಎ ಶೈಲಿ (ಪ್ರಬಂಧದಲ್ಲಿ ಆಧಾರಗಳನ್ನು ಹೇಗೆ ಬರೆಯಬೇಕು ಅನ್ನುವ ಒಂದು ಪದ್ಧತಿ), ಸಾಲುಗಳ ನಡುವೆ ಡಬಲ್ ಸ್ಪೇಸ್, ಸುತ್ತಲೂ ಒಂದಿಂಚು ಮಾರ್ಜಿನ್, ಇವೆಲ್ಲ ಒಂದು ವಾರದಲ್ಲಿ ರೂಢಿಯಾಗುತ್ತವೆ. ಪರ್ಡ್ಯೂ ವಿಶ್ವವಿದ್ಯಾಲಯದ ಆನ್‌ಲೈನ್ ರೈಟಿಂಗ್ ಲ್ಯಾಬ್‌ನಲ್ಲಿ ಎಲ್ಲ ಉಚಿತವಾಗಿ ಸಿಗುತ್ತದೆ, ಇಲ್ಲಿಗೆ ಬರಲು ತಯಾರಾಗುತ್ತಿರುವವರು ಈಗಲೇ ನೋಡಿಟ್ಟುಕೊಳ್ಳಿ. ಕಷ್ಟವಾದದ್ದು ಪಿಯರ್ ರಿವ್ಯೂ. ಕ್ಲಾಸಿನಲ್ಲಿ ಪಕ್ಕದವರು ನಮ್ಮ ಡ್ರಾಫ್ಟನ್ನು ನಮ್ಮೆದುರೇ ಗಟ್ಟಿಯಾಗಿ ಓದುತ್ತಾರೆ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ನಮ್ಮ ವಾಕ್ಯ ಕೆಟ್ಟಿದೆ ಅಂತ ಲೆಕ್ಕ. ನನ್ನ ಪಕ್ಕದ ಹುಡುಗಿ ಒಂದೇ ವಾಕ್ಯವನ್ನು ಮೂರು ಸಲ ಓದಿ, "ಇದರಲ್ಲಿ ಯಾರು ಏನು ಮಾಡಿದರು?" ಅಂತ ಕೇಳಿದಳು. ನನಗೇ ಹೇಳಲು ಬರಲಿಲ್ಲ.

ಆ ಪ್ರಬಂಧವನ್ನು ನಾಲ್ಕು ಸಲ ಬರೆದೆ. ಅನಾದಿ ಕಾಲ ಹೋಯಿತು. ಉಪಸಂಹಾರದ ಉಪದೇಶವೂ ಹೋಯಿತು. ಕೊನೆಗೆ ಉಳಿದದ್ದು ನಲ್ಲಿ, ಮಗ್, ಲೆಕ್ಕ, ರಿಪೇರಿಗೆ ದೂರು ಕೊಟ್ಟರೂ ಯಾಕೆ ತಡವಾಗುತ್ತದೆ ಅನ್ನುವ ವಿಚಾರ. ಮೂರೂವರೆ ಪುಟ.

ಕಳೆದ ತಿಂಗಳು ನನ್ನ ಚಿಕ್ಕಪ್ಪನ ಮಗ ಇಲ್ಲಿನ ಕಾಲೇಜುಗಳಿಗೆ ಅರ್ಜಿ ಹಾಕಲು ಬರೆದದ್ದನ್ನು ಕಳಿಸಿ, "ಅಣ್ಣಾ, ಸ್ವಲ್ಪ ಇಂಗ್ಲಿಷ್ ನೋಡು" ಅಂದ. "ಬಾಲ್ಯದಿಂದಲೂ ನನಗೆ ಯಂತ್ರಗಳಲ್ಲಿ ಅಪಾರ ಆಸಕ್ತಿ" ಅಂತ ಶುರುವಾಗಿತ್ತು. ಇಂಗ್ಲಿಷ್ ಸರಿಯಾಗೇ ಇತ್ತು. ಪಕ್ಕದಲ್ಲಿ "ಯಾವ ಯಂತ್ರ? ಮೊದಲ ಸಲ ಬಿಚ್ಚಿ ನೋಡಿದ್ದು ಯಾವುದು?" ಅಂತ ಬರೆದು ವಾಪಸ್ ಕಳಿಸಿದೆ. ಎರಡು ದಿನ ಸುದ್ದಿಯಿಲ್ಲ, ಬೇಜಾರಾದನೇನೋ ಅಂದುಕೊಂಡೆ. ಮೂರನೇ ದಿನ ಬೆಳಗ್ಗೆ ಎರಡು ಪುಟ ಬಂದಿತ್ತು. ಒಂದು ಹೊಲಿಗೆ ಯಂತ್ರ, ಅದರ ಬಾಬಿನ್‌ನಲ್ಲಿ ಸಿಕ್ಕಿಕೊಂಡ ದಾರ, ಅದನ್ನು ಬಿಡಿಸಲು ಅವನು ಕೂತ ಒಂದು ಇಡೀ ಮಧ್ಯಾಹ್ನ. ಬಸ್ಸಿನಲ್ಲಿ ನಿಂತುಕೊಂಡೇ ಎರಡು ಸಲ ಓದಿದೆ.